ಆಭಾ ನಂಬರ್ ಕೊಟ್ಟರೂ ಹಳೆಯ ವರದಿ ಏಕೆ ಕಾಣಲಿಲ್ಲ?

ಪ್ರಶ್ನೆ: ನಮ್ಮ ಅತ್ತೆಗೆ 67 ವರ್ಷ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಕಳೆದ ವರ್ಷ ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ತಿಂಗಳ ತಪಾಸಣೆ ಇಲ್ಲೇ ಚಿತ್ರದುರ್ಗದಲ್ಲಿ. ಈಚೆಗೆ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಕೌಂಟರಿನಲ್ಲಿ ಆಭಾ (ಆಯುಷ್ಮಾನ್ ಭಾರತ್ ಹೆಲ್ತ್ ಅಕೌಂಟ್ ಎಂಬ ಆರೋಗ್ಯ ಗುರುತಿನ) ನಂಬರ್ ಕೇಳಿದರು, ಕೊಟ್ಟೆವು. ಆದರೂ ಅಲ್ಲಿನ ವೈದ್ಯರಿಗೆ ಹಳೆಯ ವರದಿ ಒಂದೂ ಕಾಣಲಿಲ್ಲ. ರಕ್ತಪರೀಕ್ಷೆ, ಹೃದಯದ ಎಕೋ ಸ್ಕ್ಯಾನ್ ಎಲ್ಲವನ್ನೂ ಮತ್ತೆ ಮಾಡಿಸಿದರು. ಹಾಗಾದರೆ ಈ ನಂಬರ್ ಯಾತಕ್ಕೆ? ನಮ್ಮ ಯಜಮಾನರ ಚಿಂತೆಯೇ ಬೇರೆ. ವಿಮಾ ಕಂಪನಿಯವರು, ಆಫೀಸಿನವರು ಎಲ್ಲರೂ ನಮ್ಮ ಕಾಯಿಲೆಗಳನ್ನು ನೋಡಿಬಿಡುತ್ತಾರೆ, ಆಭಾ ಅಳಿಸಿಬಿಡೋಣ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಯಾರಿಗೂ ಏನೂ ಕಾಣಲಿಲ್ಲ ಎನ್ನುವುದು ನಿಮ್ಮ ದೂರು. ಎಲ್ಲರಿಗೂ ಎಲ್ಲವೂ ಕಾಣುತ್ತದೆ ಎನ್ನುವುದು ನಿಮ್ಮ ಯಜಮಾನರ ಭಯ. ಇಬ್ಬರೂ ಆ ನಂಬರಿಗೆ ಇಲ್ಲದ ಶಕ್ತಿಯನ್ನು ಕೊಟ್ಟಿದ್ದೀರಿ. ಆಭಾದ 14 ಅಂಕಿಗಳ ಹಿಂದೆ ನಿಮ್ಮ ಅತ್ತೆಯವರ ಯಾವ ವರದಿಯೂ ತಾನಾಗಿ ಬಂದು ಕೂರುವುದಿಲ್ಲ. ದಾವಣಗೆರೆಯ ವರದಿ ದಾವಣಗೆರೆಯ ಆಸ್ಪತ್ರೆಯ ಕಂಪ್ಯೂಟರಿನಲ್ಲೇ ಇದೆ, ಚಿತ್ರದುರ್ಗದ್ದು ಚಿತ್ರದುರ್ಗದಲ್ಲೇ ಇದೆ. ಇವೆಲ್ಲ ಒಬ್ಬರೇ ವ್ಯಕ್ತಿಯವು ಎಂದು ಗುರುತಿಸುವುದಷ್ಟೇ ನಂಬರಿನ ಕೆಲಸ.

ಬೇಕೆಂದೇ ಹೀಗೆ ಮಾಡಿದ್ದು. 2020ರ ಆಗಸ್ಟ್ 15ರಂದು ಈ ಯೋಜನೆಯನ್ನು ಘೋಷಿಸಿ ಮೊದಲು ಆರು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಯೋಗ ನಡೆಸಿದರು. 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂಬ ಹೆಸರಿನಲ್ಲಿ ಅದು ದೇಶದಾದ್ಯಂತ ಬಂತು. ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರ ಇದನ್ನು ನಡೆಸುತ್ತದೆ. ದೇಶದ ಎಲ್ಲ ರೋಗಿಗಳ ಕಡತಗಳನ್ನೂ ದೆಹಲಿಯ ಒಂದೇ ಉಗ್ರಾಣದಲ್ಲಿ ತುಂಬುವುದು ಬೇಡ, ಎಲ್ಲಿ ಹುಟ್ಟಿತೋ ದಾಖಲೆ ಅಲ್ಲೇ ಇರಲಿ, ರೋಗಿ ಒಪ್ಪಿದಾಗ ಮಾತ್ರ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗಲಿ ಎನ್ನುವುದು ಅದರ ಮೂಲ ವಿನ್ಯಾಸ. ನನ್ನ ಪ್ರಕಾರ ಇದು ಸರಿಯಾದ ತೀರ್ಮಾನ. ಆದರೆ ಇದರ ಬೆಲೆಯನ್ನು ಯಾರೂ ನಿಮಗೆ ಹೇಳಲಿಲ್ಲ. ಪ್ರತಿ ಆಸ್ಪತ್ರೆಯೂ ತನ್ನ ಪಾಲಿನ ಕೆಲಸ ಮಾಡದಿದ್ದರೆ ಇಡೀ ಏರ್ಪಾಡು ಬರೀ ಕಾರ್ಡಾಗಿ ಉಳಿಯುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ತೀರಿಸಿಬಿಡುತ್ತೇನೆ. ಆಭಾ ಕಾರ್ಡ್ ಬೇರೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಬೇರೆ. ಎರಡನೆಯದು ಚಿಕಿತ್ಸೆಯ ಖರ್ಚಿಗೆ ಸಂಬಂಧಿಸಿದ್ದು. ಆಭಾ ತೋರಿಸಿದರೆ ಬಿಲ್ಲಿನಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ.

ಈಗ ಬೆಂಗಳೂರಿನ ಕೌಂಟರಿಗೆ ಬರೋಣ. ಅಲ್ಲಿ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡನ್ನು ಮೊಬೈಲಿನಿಂದ ಸ್ಕ್ಯಾನ್ ಮಾಡಿಸಿ ಟೋಕನ್ ಕೊಟ್ಟಿರಬೇಕು, ಇಲ್ಲವೇ ನಂಬರ್ ಬರೆದುಕೊಂಡಿರಬೇಕು. ಸ್ಕ್ಯಾನ್ ಮಾಡಿದಾಗ ಆಸ್ಪತ್ರೆಗೆ ಹೋಗುವುದು ಹೆಸರು, ವಯಸ್ಸು, ಲಿಂಗ, ವಿಳಾಸ, ಮೊಬೈಲ್ ಸಂಖ್ಯೆ, ಆಭಾ ಸಂಖ್ಯೆ ಇಷ್ಟೇ. 2022ರ ಅಕ್ಟೋಬರ್‌ನಲ್ಲಿ ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನ ಆಸ್ಪತ್ರೆಯಲ್ಲಿ ಶುರುವಾದ ಈ ಸೌಲಭ್ಯ ಓಪಿಡಿ ಸರತಿ ಸಾಲನ್ನು ಚಿಕ್ಕದು ಮಾಡಲೆಂದು ಬಂದದ್ದು. ಅದರಿಂದ ಹಳೆಯ ವರದಿ ಬರುವುದಿಲ್ಲ. ಎಷ್ಟೋ ಜನ, ಕೌಂಟರಿನಲ್ಲಿ ಕುಳಿತ ಸಿಬ್ಬಂದಿಯೂ ಸೇರಿ, ಅಲ್ಲಿಗೆ ಎಲ್ಲವೂ ಮುಗಿಯಿತೆಂದು ತಿಳಿದಿದ್ದಾರೆ.

ವರದಿ ಬರಬೇಕಾದರೆ ಮೊದಲು ದಾವಣಗೆರೆಯ ಆಸ್ಪತ್ರೆ ಈ ಜಾಲಕ್ಕೆ ಸೇರಿರಬೇಕು. ಸೇರಿದ್ದರೂ, ನಿಮ್ಮ ಅತ್ತೆಯವರು ಅಲ್ಲಿ ಒಳರೋಗಿಯಾಗಿದ್ದ ಆ ಒಂದು ದಾಖಲಾತಿಯನ್ನು ಅವರ ಆಭಾಕ್ಕೆ ಜೋಡಿಸಿರಬೇಕು. ಒಮ್ಮೆ ಜೋಡಿಸಿದರೆ ಮುಂದಿನದೆಲ್ಲ ತಾನಾಗಿ ಸೇರಿಕೊಳ್ಳುತ್ತದೆ ಎನ್ನುವಂತಿಲ್ಲ. ಪ್ರತಿ ಓಪಿಡಿ ಭೇಟಿ, ಪ್ರತಿ ಅಡ್ಮಿಷನ್, ಪ್ರತಿ ಲ್ಯಾಬ್ ವರದಿಯೂ ಬೇರೆ ಬೇರೆ ಕೊಂಡಿ. ಆಮೇಲೆ ಬೆಂಗಳೂರಿನ ಆಸ್ಪತ್ರೆಯ ತಂತ್ರಾಂಶಕ್ಕೆ ಹೊರಗಿನ ದಾಖಲೆಯನ್ನು ಕೇಳಿ ತರಿಸಿಕೊಳ್ಳುವ ಸಾಮರ್ಥ್ಯವಿರಬೇಕು. ಕೊಡುವ ವ್ಯವಸ್ಥೆಯನ್ನಷ್ಟೇ ಮಾಡಿಕೊಂಡು ಕೇಳುವ ವ್ಯವಸ್ಥೆಯನ್ನು ಮಾಡಿಕೊಳ್ಳದ ಆಸ್ಪತ್ರೆಗಳಿವೆ. ಕೊನೆಗೆ, ಐದು ನಿಮಿಷಕ್ಕೊಬ್ಬ ರೋಗಿಯನ್ನು ನೋಡುವ ವೈದ್ಯರು ಆ ಗುಂಡಿಯನ್ನು ಒತ್ತಿ, ಒಪ್ಪಿಗೆ ಕೋರಿಕೆ ಕಳುಹಿಸಿ, ನೀವು ಮೊಬೈಲ್ ತೆಗೆದು ಒಪ್ಪುವವರೆಗೂ ಕಾಯಬೇಕು. ಸರ್ಕಾರ ರಸ್ತೆ ಹಾಕಿದೆ ನಿಜ, ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಜೋಡಣೆ ತಪ್ಪಿಹೋಗುವ ಇನ್ನೊಂದು ಜಾಗವಿದೆ. ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೂತವರಿಗೆಲ್ಲ ಇದು ದಿನನಿತ್ಯದ ತಲೆನೋವು. ಲಕ್ಷ್ಮಮ್ಮ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ‘ಕೆ ಎಸ್ ಎಚ್’ ಹಾಕುತ್ತಾರೆ, ಇನ್ನೊಬ್ಬರು ‘ಎಕ್ಸ್’ ಹಾಕಿ ಮುಗಿಸುತ್ತಾರೆ. ಆಧಾರ್‌ನಲ್ಲಿ ಗಂಡನ ಹೆಸರು ಹಿಂದೆ ಸೇರಿರುತ್ತದೆ, ಆಸ್ಪತ್ರೆಯ ಓಪಿಡಿ ಚೀಟಿಯಲ್ಲಿ ಇನಿಷಿಯಲ್ ಮುಂದೆ ಬಂದಿರುತ್ತದೆ. ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರಿಗೆ ಆಧಾರ್‌ನಲ್ಲಿ ಜನವರಿ 1 ಎಂದು ಬಿದ್ದಿರುವುದು ಸಾಮಾನ್ಯ, ಆಸ್ಪತ್ರೆಯವರು ಬಾಯಿಮಾತಿನಲ್ಲಿ ಕೇಳಿದ ವಯಸ್ಸನ್ನು ಬರೆದುಕೊಂಡಿರುತ್ತಾರೆ. ಹೀಗಿರುವಾಗ ಈ ಇಬ್ಬರು ಲಕ್ಷ್ಮಮ್ಮಂದಿರು ಒಬ್ಬರೇ ಎಂದು ಯಂತ್ರ ಹೇಗೆ ಧೈರ್ಯವಾಗಿ ಹೇಳಬೇಕು? ಹೇಳದಿರುವುದೇ ಒಳ್ಳೆಯದು. ಒಬ್ಬರ ವರದಿ ಸಿಗದಿದ್ದರೆ ಮತ್ತೊಂದು ಪರೀಕ್ಷೆಯ ಖರ್ಚು ಬರುತ್ತದೆ. ಬೇರೆಯವರ ರಕ್ತದ ಗುಂಪು, ಬೇರೆಯವರ ಅಲರ್ಜಿ ಇವರ ಕಡತಕ್ಕೆ ಬಂದು ಸೇರಿದರೆ ಜೀವಕ್ಕೇ ಕುತ್ತು.

ಹಳೆಯ ದಾಖಲೆಯನ್ನು ನೀವೇ ಹುಡುಕಿ ಜೋಡಿಸುವ ದಾರಿಯೂ ಆಭಾ ಆ್ಯಪ್‌ನಲ್ಲಿದೆ. ಆಸ್ಪತ್ರೆಯ ಹೆಸರು ಹುಡುಕಿ ಆರಿಸಿದರೆ, ಅವರ ಬಳಿಯಿರುವ ಮೊಬೈಲ್ ಸಂಖ್ಯೆ, ಹೆಸರು, ಲಿಂಗ, ಹುಟ್ಟಿದ ವರ್ಷ ಹೊಂದುತ್ತವೆಯೇ ಎಂದು ನೋಡಿ ದಾಖಲೆಗಳ ಪಟ್ಟಿ ಬರುತ್ತದೆ. ಒಟಿಪಿ ಹೋಗುವುದು ಆಸ್ಪತ್ರೆಯಲ್ಲಿ ಅಂದು ಬರೆಸಿದ್ದ ಮೊಬೈಲಿಗೆ. ಸಮಸ್ಯೆ ಹುಟ್ಟುವುದು ಇಲ್ಲಿಯೇ. ಎದೆನೋವು ಬಂದ ರಾತ್ರಿ ಕಾರು ಓಡಿಸಿಕೊಂಡು ಬಂದ ಮೈದುನನೋ ಪಕ್ಕದ ಮನೆಯವರೋ ತಮ್ಮ ನಂಬರನ್ನು ಬರೆಸಿರುತ್ತಾರೆ. ನಿಮ್ಮ ಅತ್ತೆಯವರ ಡಿಸ್ಚಾರ್ಜ್ ಸಮ್ಮರಿಯ ತಲೆಭಾಗದಲ್ಲಿ ಯಾರ ಮೊಬೈಲ್ ಸಂಖ್ಯೆ ಇದೆ, ಹೆಸರು ಹೇಗೆ ಬರೆದಿದ್ದಾರೆ, ವಯಸ್ಸು ಎಷ್ಟು ಎಂದಿದೆ ಎಂಬುದನ್ನು ಈಗಲೇ ತೆಗೆದು ನೋಡಿ. ಆಧಾರ್‌ಗೂ ಅದಕ್ಕೂ ಹೊಂದದಿದ್ದರೆ ಆಸ್ಪತ್ರೆಯ ನೋಂದಣಿ ವಿಭಾಗದಲ್ಲಿ ತಿದ್ದಿಸಿ. ನಿಮ್ಮ ಪಾಲಿಗೆ ಬಹುಪಾಲು ತಡೆ ಇದೇ ಇರಬೇಕೆಂದು ನನ್ನ ಅನುಮಾನ.

ಇಷ್ಟೆಲ್ಲ ಸರಿಯಾಗಿ ವರದಿ ಬಂತು ಎಂದೇ ಇಟ್ಟುಕೊಳ್ಳೋಣ. ಬಂದದ್ದು ಏನು? ಎಫ್‌ಎಚ್‌ಐಆರ್ ಎಂಬ ಅಂತರರಾಷ್ಟ್ರೀಯ ಮಾದರಿಯಲ್ಲಿ ದಾಖಲೆ ಕಳುಹಿಸಬೇಕೆಂದು ನಿಯಮವಿದೆ. ರೋಗದ ಹೆಸರಿಗೆ ಸ್ನೋಮೆಡ್, ಲ್ಯಾಬ್ ಪರೀಕ್ಷೆಗೆ ಲೋಯಿಂಕ್ ಎಂಬ ಸಂಕೇತಪಟ್ಟಿಗಳಿವೆ. ಅವುಗಳನ್ನು ಬಳಸಿದರೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತಪರೀಕ್ಷೆಯಾದ ಕ್ರಿಯಾಟಿನಿನ್ ತೆಗೆದುಕೊಂಡರೆ, ದಾವಣಗೆರೆಯ ಕ್ರಿಯಾಟಿನಿನ್ ಮತ್ತು ಬೆಂಗಳೂರಿನ ಕ್ರಿಯಾಟಿನಿನ್ ಒಂದೇ ಗ್ರಾಫಿನಲ್ಲಿ ಸಾಲಾಗಿ ನಿಲ್ಲುತ್ತವೆ, ಮೂತ್ರಪಿಂಡ ಯಾವಾಗಿನಿಂದ ಸೋಲುತ್ತಿದೆ ಎಂಬುದು ವೈದ್ಯರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಆದರೆ ಅದೇ ಮಾದರಿಯ ಲಕೋಟೆಯೊಳಗೆ ಕೈಬರಹದ ಚೀಟಿಯ ಫೋಟೊವೊಂದನ್ನು ಪಿಡಿಎಫ್ ಮಾಡಿ ಇಟ್ಟು ಕಳುಹಿಸಿದರೂ ನಿಯಮ ಪಾಲಿಸಿದಂತೆಯೇ ಲೆಕ್ಕ. ಹಾಗೆ ಬಂದದ್ದರಲ್ಲಿ ಕಂಪ್ಯೂಟರಿಗೆ ಓದಲು ಏನೂ ಇರುವುದಿಲ್ಲ, ವೈದ್ಯರೇ ಕಣ್ಣು ಕಿರಿದು ಮಾಡಿಕೊಂಡು ಓದಬೇಕು. ದಾಖಲೆ ಹಂಚಿಕೆಯ ಅಂಕಿಅಂಶಗಳನ್ನು ಯಾರಾದರೂ ಹೆಮ್ಮೆಯಿಂದ ಹೇಳಿದಾಗ, ಅದರಲ್ಲಿ ಫೋಟೊ ಎಷ್ಟು, ನಿಜವಾದ ಮಾಹಿತಿ ಎಷ್ಟು ಎಂದು ಕೇಳುವುದು ನನ್ನ ಅಭ್ಯಾಸ. ಉತ್ತರ ಸಿಕ್ಕಿದ್ದು ಕಡಿಮೆ.

ಅಳತೆಯ ಘಟಕವೂ ಸಣ್ಣ ವಿಷಯವಲ್ಲ. ಬ್ರಿಟನ್ನಿನಲ್ಲಿರುವ ಮಗಳ ಮನೆಗೆ ಹೋಗಿ ಅಲ್ಲಿ ಸಕ್ಕರೆಯ ಮೂರು ತಿಂಗಳ ಸರಾಸರಿ ನೋಡುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿಕೊಂಡು ಬಂದವರ ವರದಿಯಲ್ಲಿ 53 ಎಂದಿರಬಹುದು, ಅಲ್ಲಿನ ಘಟಕವೇ ಬೇರೆ. ನಮ್ಮ ಲೆಕ್ಕದಲ್ಲಿ ಅದು ಶೇ 7. ಘಟಕವಿಲ್ಲದೆ ಬರೀ ಅಂಕಿ ಹೋದರೆ, 53 ನೋಡಿ ಮನೆಯವರು ಗಾಬರಿಯಾಗುವುದೂ ಉಂಟು, ಲ್ಯಾಬಿನವರು ತಪ್ಪು ಮಾಡಿದ್ದಾರೆಂದು ವೈದ್ಯರು ಬದಿಗೆ ಸರಿಸುವುದೂ ಉಂಟು.

ಪರೀಕ್ಷೆಗಳನ್ನು ಮತ್ತೆ ಮಾಡಿಸಿದ್ದರ ಬಗ್ಗೆ ನಿಮಗೆ ಸಿಟ್ಟಿದೆ. ಅರ್ಧ ಸಿಟ್ಟು ನ್ಯಾಯವಾದದ್ದು. ಇಸಿಜಿಯನ್ನು ಆ ಹೊತ್ತಿಗೆ ಮತ್ತೆ ತೆಗೆಯಲೇಬೇಕು. ನಿನ್ನೆಯದು ಇಂದಿನ ಎದೆನೋವಿಗೆ ಉತ್ತರ ಹೇಳುವುದಿಲ್ಲ, ಹೋಲಿಸಿ ನೋಡಲು ಮಾತ್ರ ಬೇಕು. ಸಕ್ಕರೆ ಕಾಯಿಲೆಯವರಿಗೆ ಚಿತ್ರ ಸ್ಪಷ್ಟವಾಗಲೆಂದು ಕಾಂಟ್ರಾಸ್ಟ್ ಔಷಧ (ಮೂತ್ರಪಿಂಡಕ್ಕೆ ಹೊರೆಯಾಗಬಹುದಾದದ್ದು) ಕೊಟ್ಟು ಸಿಟಿ ಸ್ಕ್ಯಾನ್ ಮಾಡುವ ಮುನ್ನ ಮೂರು ತಿಂಗಳ ಹಿಂದಿನ ಕ್ರಿಯಾಟಿನಿನ್ ನಂಬಿಕೊಂಡು ಕೂರುವ ವೈದ್ಯರನ್ನು ನಾನಂತೂ ಮೆಚ್ಚುವುದಿಲ್ಲ. ಎಚ್‌ಬಿಎ1ಸಿ ಹಾಗಲ್ಲ, ಮೂರು ವಾರದ ಹಿಂದೆ ಮಾಡಿಸಿದ್ದರೆ ಮತ್ತೆ ಮಾಡಿಸಲು ಸಾಮಾನ್ಯವಾಗಿ ಕಾರಣವಿರುವುದಿಲ್ಲ. ಹೊಸ ತೊಂದರೆ ಏನೂ ಇಲ್ಲದಿದ್ದರೆ ಎಕೋವನ್ನೂ ಏಕೆ ಎಂದು ಕೇಳಬಹುದು. ‘ನಮ್ಮ ಲ್ಯಾಬಿನದೇ ಬೇಕು’ ಎನ್ನುವ ಮಾತಿನಲ್ಲಿ ಎಚ್ಚರಿಕೆಯೂ ಇರುತ್ತದೆ, ವ್ಯಾಪಾರವೂ ಇರುತ್ತದೆ. ದಾಖಲೆ ಹಂಚಿಕೆ ಪೂರ್ತಿ ಬಂದರೂ ಎರಡನೆಯದು ಹೋಗುವುದಿಲ್ಲ, ಅದು ತಂತ್ರಜ್ಞಾನದ ಸಮಸ್ಯೆಯೇ ಅಲ್ಲ.

ಇನ್ನು ನಿಮ್ಮ ಯಜಮಾನರ ಭಯ. ಒಪ್ಪಿಗೆ ಕೋರಿಕೆ ಮೊಬೈಲಿಗೆ ಬಂದಾಗ ಓದದೆ ಒಪ್ಪುವ ಚಾಳಿ ನಮಗೆಲ್ಲ ಇದೆ. ಇದೊಂದನ್ನು ಓದಿ. ಯಾರು ಕೇಳುತ್ತಿದ್ದಾರೆ, ಯಾವ ಉದ್ದೇಶಕ್ಕೆ, ಯಾವ ಬಗೆಯ ದಾಖಲೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗಿನದು, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಉದ್ದೇಶಗಳಲ್ಲಿ ಚಿಕಿತ್ಸೆ, ಚಿಕಿತ್ಸಾ ವೆಚ್ಚದ ಪಾವತಿ, ಸಾರ್ವಜನಿಕ ಆರೋಗ್ಯ, ಸಂಶೋಧನೆ ಎಂದು ವಿಭಾಗಗಳಿವೆ. ಯಾವ ಆಸ್ಪತ್ರೆಯ ಯಾವ ಭೇಟಿಯನ್ನು ಕೊಡಬೇಕು ಎಂಬುದನ್ನು ಆರಿಸಬಹುದು, ಅವಧಿಯನ್ನು ಕಡಿಮೆ ಮಾಡಬಹುದು, ಬೇಡವೆನ್ನಬಹುದು. ನೀವು ಒಪ್ಪಿದ ಮೇಲೆ ಕಳುಹಿಸುವ ಆಸ್ಪತ್ರೆ ದಾಖಲೆಯನ್ನು ಗೂಢಲಿಪಿಗೆ ತಿರುಗಿಸುತ್ತದೆ. ಕೇಳಿದ ಆಸ್ಪತ್ರೆಯ ಕೀಲಿಯಿಂದಷ್ಟೇ ಅದು ತೆರೆಯುತ್ತದೆ. ನಡುವಿನ ಸರ್ಕಾರಿ ಗೇಟ್‌ವೇಗೆ ಒಳಗೇನಿದೆ ಎಂದು ಓದಲು ಬಾರದು. ಬಂದ ಕೋರಿಕೆಗಳನ್ನೆಲ್ಲ ತಾನಾಗಿ ಒಪ್ಪಿಕೊಳ್ಳುವ ಸೌಲಭ್ಯ ನಿಮ್ಮ ಆ್ಯಪ್‌ನಲ್ಲಿ ಇದ್ದರೆ ಅದನ್ನು ಮಾತ್ರ ಮುಟ್ಟಬೇಡಿ.

ಆಫೀಸಿನವರಿಗೆ ಈ ದಾರಿಯಲ್ಲಿ ಪ್ರವೇಶವಿಲ್ಲ. ವಿಮಾ ಕಂಪನಿಯೂ ಕೇಳಿಯೇ ಪಡೆಯಬೇಕು. ಆದರೆ ಒಂದು ಮಾತು: ಕ್ಲೇಮ್ ಹಾಕುವಾಗ ನೀವು ಸಹಿ ಮಾಡುವ ಫಾರಂನಲ್ಲಿ ಆಸ್ಪತ್ರೆಯ ಕಡತ ನೋಡಲು ಒಪ್ಪಿಗೆ ಕೊಟ್ಟಿರುತ್ತೀರಿ. ಅದು ಆಭಾ ಹುಟ್ಟುವ ಮೊದಲಿನಿಂದಲೂ ಇದೆ, ಆಭಾ ಅಳಿಸಿದ ಮೇಲೂ ಇರುತ್ತದೆ.

ನನಗೆ ಭಯವಿರುವುದು ದಾಖಲೆ ಹರಿಯುವ ಕೊಳವೆಯಲ್ಲಿ ಅಲ್ಲ, ಅದರ ಎರಡು ತುದಿಗಳಲ್ಲಿರುವ ಆಸ್ಪತ್ರೆಗಳಲ್ಲಿ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗಳ ಮೇಲೆ ಸೈಬರ್ ದಾಳಿಯಾಗಿ ವಾರಗಟ್ಟಲೆ ಕೈಬರಹದಲ್ಲೇ ಕೆಲಸ ನಡೆಯಿತು. ಅಷ್ಟು ದೊಡ್ಡ ಸಂಸ್ಥೆಗೇ ಹಾಗಾಯಿತೆಂದರೆ, ಬಿಲ್ಲಿಂಗ್ ಕೌಂಟರಿನ ಕಂಪ್ಯೂಟರಿಗೆ ಪಾಸ್‌ವರ್ಡ್ ಬರೆದ ಚೀಟಿ ಅಂಟಿಸಿರುವ ನರ್ಸಿಂಗ್ ಹೋಮಿನ ಗತಿ ಏನು? ಇನ್ನೊಂದು ಸಂಗತಿ: ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು, ಆದರೆ ವೈದ್ಯರು ಅಷ್ಟರಲ್ಲಿ ಓದಿ ತಮ್ಮ ಕೇಸ್ ಶೀಟಿಗೆ ಬರೆದುಕೊಂಡದ್ದು ವಾಪಸ್ ಬರುವುದಿಲ್ಲ. ಎಸ್ಟೋನಿಯಾದಲ್ಲಿ 2008ರಿಂದ ರಾಷ್ಟ್ರೀಯ ಆರೋಗ್ಯ ದಾಖಲೆ ನಡೆಯುತ್ತಿದೆ. ಅಲ್ಲಿನ ನಾಗರಿಕರು ತಮ್ಮ ಕಡತವನ್ನು ಯಾರು ಯಾವಾಗ ತೆರೆದು ನೋಡಿದರು ಎಂಬುದನ್ನು ತಾವೇ ನೋಡಬಹುದು. ನಮ್ಮಲ್ಲಿ ಒಪ್ಪಿಗೆಯ ಇತಿಹಾಸವೇನೋ ಆ್ಯಪ್‌ನಲ್ಲಿ ಕಾಣುತ್ತದೆ, ಆದರೆ ಆಸ್ಪತ್ರೆಯೊಳಗೆ ಆ ಕಡತವನ್ನು ಎಷ್ಟು ಜನ ತೆರೆದರು ಎಂಬುದು ರೋಗಿಯ ಕೈಗೆ ಸಿಗುವ ಮಾಹಿತಿಯಲ್ಲ. ಕೇಳಬೇಕಾದದ್ದು ಅದನ್ನು.

ಕಾನೂನು ಇಲ್ಲ ಎಂದೇನಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಹಂತಹಂತವಾಗಿ ಜಾರಿಗೆ ಬರಬೇಕು. ಮಾಹಿತಿಯನ್ನು ಭದ್ರವಾಗಿಡದ ಸಂಸ್ಥೆಗೆ 250 ಕೋಟಿ ರೂಪಾಯಿಯವರೆಗೆ ದಂಡ ಹಾಕಲು ಅದರಲ್ಲಿ ಅವಕಾಶವಿದೆ. ಎಚ್‌ಐವಿ ಸ್ಥಿತಿಯ ಗೋಪ್ಯತೆಗೆ, ಮಾನಸಿಕ ಚಿಕಿತ್ಸೆಯ ಗೋಪ್ಯತೆಗೆ 2017ರಿಂದಲೇ ಪ್ರತ್ಯೇಕ ಕಾಯ್ದೆಗಳಿವೆ.

ಮಾನಸಿಕ ಚಿಕಿತ್ಸೆಯ ಮಾತು ಬಂದದ್ದರಿಂದ ಇದನ್ನು ಓದುವ ಬೇರೆಯವರಿಗೂ ಸೇರಿಸಿ ಹೇಳುತ್ತೇನೆ. ಮನೋವೈದ್ಯರ ಭೇಟಿಯನ್ನು ಹಂಚಿಕೊಳ್ಳದೆ ಇಟ್ಟುಕೊಳ್ಳುವ ಹಕ್ಕು ನಿಮಗಿದೆ. ಆದರೆ ಮಾತ್ರೆಯನ್ನು ಮುಚ್ಚಿಡಬೇಡಿ. ಮನೋರೋಗಕ್ಕೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ, ಅದು ತಿಳಿಯದ ವೈದ್ಯರು ಬಿಪಿಗೆಂದು ಕೆಲವು ಮಾತ್ರೆಗಳನ್ನೋ ಮಂಡಿನೋವಿಗೆಂದು ಐಬುಪ್ರೊಫೆನ್ ಅನ್ನೋ ಬರೆದರೆ ರಕ್ತದಲ್ಲಿ ಲಿಥಿಯಂ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು. ಭೇಟಿಯ ವಿವರ ನಿಮ್ಮದು, ಔಷಧದ ಹೆಸರು ವೈದ್ಯರಿಗೆ ಬೇಕೇ ಬೇಕು.

ಹಾಗಾಗಿ ಅಳಿಸುವ ಯೋಚನೆ ಬಿಡಿ ಎಂದೇ ನನ್ನ ಸಲಹೆ. ಆಭಾ ಕಡ್ಡಾಯವಲ್ಲ, ಅಳಿಸುವ ಅವಕಾಶವೂ ಇದೆ. ಆದರೆ ಅಳಿಸಿದರೆ ಹೋಗುವುದು ಗುರುತಿನ ನಂಬರ್ ಮತ್ತು ಕೊಂಡಿಗಳು ಮಾತ್ರ, ಆಸ್ಪತ್ರೆಗಳ ಕಂಪ್ಯೂಟರಿನಲ್ಲಿರುವ ಕಡತ ಅಲ್ಲಿಯೇ ಇರುತ್ತದೆ. ಅಂದ ಹಾಗೆ, ಈ ತೀರ್ಮಾನ ನಿಮ್ಮದೂ ಅಲ್ಲ, ನಿಮ್ಮ ಯಜಮಾನರದೂ ಅಲ್ಲ, ಅತ್ತೆಯವರದು. ಒಟಿಪಿ ಮಗನ ಮೊಬೈಲಿಗೆ ಬರುತ್ತದೆ ಎಂದ ಮಾತ್ರಕ್ಕೆ ಒಪ್ಪಿಗೆಯೂ ಮಗನದಾಗುವುದಿಲ್ಲ. ಸಾಧ್ಯವಾದರೆ ಅವರ ಆಧಾರ್‌ಗೆ ಅವರದೇ ಮೊಬೈಲ್ ಸಂಖ್ಯೆ ಸೇರಿಸಿ.

ತುರ್ತು ಸಮಯಕ್ಕೆ ಆಭಾವನ್ನು ನಂಬಿ ಕೂರಬೇಡಿ. ಪ್ರಜ್ಞೆ ಇಲ್ಲದವರು ಮೊಬೈಲಿನಲ್ಲಿ ಒಪ್ಪಿಗೆ ಕೊಡಲಾರರು. ಪ್ರಾಣಾಪಾಯದ ಹೊತ್ತಿನಲ್ಲಿ ಒಪ್ಪಿಗೆಯಿಲ್ಲದೆ ಮಾಹಿತಿ ಬಳಸಲು ಕಾನೂನು ಬಿಡುತ್ತದೆ ನಿಜ, ಆದರೆ ರಾತ್ರಿ ಎರಡು ಗಂಟೆಗೆ ಕ್ಯಾಷುವಾಲ್ಟಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಹುಡುಕುವಷ್ಟು ಪುರುಸೊತ್ತು ಯಾರಿಗಿರುತ್ತದೆ? ಒಂದೇ ಒಂದು ಹಾಳೆ ಮಾಡಿ ಅತ್ತೆಯವರ ಪರ್ಸಿನಲ್ಲಿಡಿ. ಸ್ಟೆಂಟ್ ಹಾಕಿದ ದಿನಾಂಕ, ಯಾವ ರಕ್ತನಾಳಕ್ಕೆ, ಯಾವ ಬಗೆಯ ಸ್ಟೆಂಟ್. ಅಲರ್ಜಿ ಇದ್ದರೆ ಅದು. ಕೊನೆಯ ಕ್ರಿಯಾಟಿನಿನ್ ಎಷ್ಟು, ಯಾವತ್ತಿನದು. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು. ಮಾತ್ರೆಗೆ ಕಂಪನಿಯ ಹೆಸರಿನ ಜೊತೆ ಒಳಗಿನ ಔಷಧದ ಹೆಸರನ್ನೂ ಬರೆಯಿರಿ. ಕ್ಲೋಪಿಲೆಟ್ ಮತ್ತು ಡೆಪ್ಲಾಟ್ ಎರಡೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಎಂಬ ಒಂದೇ ಔಷಧ. ಇದು ಗೊತ್ತಿಲ್ಲದೆ, ಎರಡು ಊರಿನ ಎರಡು ಚೀಟಿ ಹಿಡಿದು ಎರಡನ್ನೂ ನುಂಗಿಸುವ ಮನೆಗಳಿವೆ. ಹಲ್ಲು ಕೀಳಿಸಲು ಹೋದಾಗಲೂ ಈ ಹಾಳೆ ತೋರಿಸಿ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ಹೃದ್ರೋಗ ತಜ್ಞರನ್ನು ಕೇಳದೆ ಯಾರ ಮಾತಿಗೂ ನಿಲ್ಲಿಸಬೇಡಿ.

ದಾವಣಗೆರೆಯ ಆಸ್ಪತ್ರೆಗೆ ಒಂದು ಅರ್ಜಿ ಬರೆಯಿರಿ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಟ್ಟಿರಬೇಕು. ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಆಭಾ ಇರಲಿ ಬಿಡಲಿ, ಈ ಹಕ್ಕು ಇದೆ. ಅರ್ಜಿಗೆ ಅತ್ತೆಯವರ ಸಹಿ ಇರಲಿ, ಆಸ್ಪತ್ರೆಯ ಐಪಿ (ಒಳರೋಗಿ) ನಂಬರ್ ಮತ್ತು ಡಿಸ್ಚಾರ್ಜ್ ಆದ ದಿನಾಂಕ ಬರೆಯಿರಿ, ಸ್ವೀಕರಿಸಿದ್ದಕ್ಕೆ ಮುದ್ರೆ ಹಾಕಿಸಿದ ಪ್ರತಿ ನಿಮ್ಮಲ್ಲಿರಲಿ. ಡಿಸ್ಚಾರ್ಜ್ ಸಮ್ಮರಿ ಒಂದನ್ನೇ ಕೊಟ್ಟು ಕಳುಹಿಸುತ್ತಾರೆ. ಆಂಜಿಯೋಗ್ರಾಂ ಮತ್ತು ಸ್ಟೆಂಟ್ ಹಾಕಿದ ಪ್ರಕ್ರಿಯೆಯ ವರದಿ, ಸ್ಟೆಂಟಿನ ಸ್ಟಿಕ್ಕರ್ ಅಂಟಿಸಿದ ಹಾಳೆಯ ಪ್ರತಿ, ಆಂಜಿಯೋಗ್ರಾಂ ಸಿಡಿ ಎಂದು ಹೆಸರಿಸಿ ಕೇಳಿ. ಸಿಡಿಯಲ್ಲಿರುವ ಚಿತ್ರಗಳು ಆಭಾ ಮೂಲಕ ಬಂದಾವೆಂದು ಕಾಯಬೇಡಿ. ಅಲ್ಲಿ ಸಾಮಾನ್ಯವಾಗಿ ಓಡಾಡುವುದು ಬರಹದ ವರದಿ. ಈಗಿನ ಕಂಪ್ಯೂಟರುಗಳಲ್ಲಿ ಸಿಡಿ ಹಾಕುವ ಜಾಗವೇ ಇರುವುದಿಲ್ಲ, ಆದ್ದರಿಂದ ಯಾರಿಂದಲಾದರೂ ಅದನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಸಿ ಎರಡನ್ನೂ ಇಟ್ಟುಕೊಳ್ಳಿ. ಉಳಿದ ಕಾಗದಗಳನ್ನು ಸ್ಕ್ಯಾನ್ ಮಾಡಿ ಆಭಾ ಆ್ಯಪ್‌ಗೆ ನೀವೇ ಏರಿಸಬಹುದು. ಮುಂದಿನ ಸಲ ಚಿತ್ರದುರ್ಗದಲ್ಲಿ ತಪಾಸಣೆಗೆ ಹೋದಾಗ ನೋಂದಣಿ ಕೌಂಟರಿನಲ್ಲಿ ನಂಬರ್ ಕೊಟ್ಟು ಸುಮ್ಮನಾಗದೆ, ಇವತ್ತಿನ ಚೀಟಿ ಮತ್ತು ಲ್ಯಾಬ್ ವರದಿಯನ್ನು ಆಭಾಕ್ಕೆ ಲಿಂಕ್ ಮಾಡುತ್ತೀರಾ ಎಂದು ಕೇಳಿ, ಮನೆಗೆ ಬಂದ ಮೇಲೆ ಆ್ಯಪ್ ತೆರೆದು ಅದು ಬಂದಿದೆಯೇ ನೋಡಿ.